ನಿಮ್ಮ ‘ಪಾಶ್’ ಲೇಖನ ಈಗಿರೋ ಹಾಗೆ ಯಾಕೆ ಹಾಕ್ತಿಲ್ಲ ಅಂದ್ರೆ

ನಮಸ್ಕಾರ. ಶ್ರೀಮಂತ, ಶೋಕಿ ಅನ್ನೋ ಅರ್ಥದ ‘ಪಾಶ್’ ಅನ್ನೋ ಇಂಗ್ಲಿಷ್ ಪದ ಎಲ್ಲಿಂದ ಬಂತು ಅಂತ ನೀವು ಕಳಿಸಿದ ಬರಹ ಪೂರ್ತಿ ಓದಿದೆ. ಭಾಷೆ ಸಲೀಸಾಗಿದೆ, ಓದಿಸ್ಕೊಂಡು ಹೋಗುತ್ತೆ, ಕೆಂಪು ಸಮುದ್ರದಲ್ಲಿ ಹಡಗಿನೊಳಗಿನ ಸೆಕೆ ಬಗ್ಗೆ ಬರೆದಿರೋ ಪ್ಯಾರಾ ಅಂತೂ ತುಂಬಾ ಹಿಡಿಸ್ತು. ಆದ್ರೂ ನೇರವಾಗೇ ಹೇಳ್ತೀನಿ, ಹೀಗೇ ಪ್ರಕಟಿಸೋಕೆ ಆಗಲ್ಲ.

ಇಂಗ್ಲೆಂಡಿಂದ ಇಂಡಿಯಾಗೆ ಬರುವಾಗ ಹಡಗಿನ ಎಡಗಡೆ ಅಂದ್ರೆ ಪೋರ್ಟ್ ಸೈಡ್ ಕ್ಯಾಬಿನ್ನು, ವಾಪಸ್ ಹೋಗುವಾಗ ಬಲಗಡೆ ಸ್ಟಾರ್‌ಬೋರ್ಡ್ ಕ್ಯಾಬಿನ್ನು, ಎರಡೂ ಸಲ ಬಿಸಿಲು ಕಮ್ಮಿ ಬೀಳೋ ಕಡೆ, ಕಾಸಿದ್ದೋರಿಗೆ ಮಾತ್ರ ಸಿಗ್ತಿತ್ತು, ಪಿ ಅಂಡ್ ಓ ಹಡಗು ಕಂಪನಿಯವರು ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಅನ್ನೋದರ ಇಂಗ್ಲಿಷ್ ಮೊದಲಕ್ಷರಗಳನ್ನ (POSH) ಟಿಕೆಟ್ ಮೇಲೆ ಒತ್ತುತ್ತಿದ್ರು, ಅದೇ ಪಾಶ್ ಆಯ್ತು ಅಂತ ನಿಮ್ಮ ವಾದ. ಅಂಥ ಮುದ್ರೆ ಇರೋ ಒಂದೇ ಒಂದು ಟಿಕೆಟ್ಟೂ ಇವತ್ತಿನವರೆಗೆ ಸಿಕ್ಕಿಲ್ಲ. ಈ ಕಥೆ ಅಚ್ಚಲ್ಲಿ ಕಾಣಿಸ್ಕೊಂಡಿದ್ದೇ 1930ರ ದಶಕದಲ್ಲಿ, ಆದ್ರೆ 1918ರಲ್ಲೇ ಇಂಗ್ಲೆಂಡಿನ ಹಾಸ್ಯಪತ್ರಿಕೆ ‘ಪಂಚ್’ನ ಕಾರ್ಟೂನಲ್ಲಿ ವಾಯುಪಡೆ ಹುಡುಗನೊಬ್ಬ ಅಮ್ಮನಿಗೆ ‘ಅಲ್ಲಿ ಪಾಶ್ ಆಗಿ ಕಾಲ ಕಳೆದ್ವಿ’ ಅಂತ ಹೇಳ್ತಾನೆ. ಪದ ಮೊದಲು ಬಂದು ಕಥೆ ಆಮೇಲೆ ಹುಟ್ಟಿರೋ ಹಾಗಿದೆ. ನೀವು ಮಾತ್ರ ‘ಎಲ್ಲರಿಗೂ ಗೊತ್ತಿರುವಂತೆ’ ಅಂತ ಶುರು ಮಾಡಿದ್ದೀರಿ, ಪ್ಲೀಸ್ ಆ ಎರಡು ಪದ ಮೊದಲು ತೆಗೀರಿ, ಯಾಕಂದ್ರೆ ಹುಡುಕೋ ಕೆಲಸ ಅಲ್ಲೇ ನಿಂತುಹೋಗಿದೆ.

ಬೇಜಾರೇನಂದ್ರೆ ಇದಕ್ಕಿಂತ ಒಳ್ಳೆ ದಾರಿ ಪಕ್ಕದಲ್ಲೇ ಇತ್ತು. ಹತ್ತೊಂಬತ್ತನೇ ಶತಮಾನದ ಲಂಡನ್ ಬೀದಿಮಾತಲ್ಲಿ ಪಾಶ್ ಅಂದ್ರೆ ಚಿಲ್ಲರೆ ಕಾಸು, ಅರ್ಧ ಪೆನ್ನಿ. 1890ರ ಒಂದು ಸ್ಲ್ಯಾಂಗ್ ನಿಘಂಟಲ್ಲಿ ಶೋಕಿಲಾಲ ಅನ್ನೋ ಅರ್ಥಾನೂ ಇದೆ. ಕಾಸು ಅನ್ನೋ ಅರ್ಥದ ಬೇರು ಯೂರೋಪಿನಲ್ಲಿ ಅಲೆಮಾರಿಗಳಾಗಿ ಬದುಕಿದ ರೋಮಾನಿ ಜನರ ಭಾಷೇಲಿದೆ, ಅಲ್ಲಿ ‘ಪಾಶ್’ ಅಂದ್ರೆ ಅರ್ಧ. ರೋಮಾನಿ ಹೊರಟಿದ್ದು ನಮ್ಮ ಉತ್ತರ ಭಾರತದಿಂದ, ಆ ಪದಾನ ಸಂಸ್ಕೃತದ ‘ಪಾರ್ಶ್ವ’ದ, ಅಂದ್ರೆ ಪಕ್ಕ ಅನ್ನೋ ಪದದ ಜೊತೆ ಸೇರಿಸ್ತಾರೆ, ನಾವು ಪಾರ್ಶ್ವವಾಯು ಅಂತೀವಲ್ಲ, ಅದೇ ಪಾರ್ಶ್ವ! ಆದ್ರೆ ಕಾಸಿಂದ ಶ್ರೀಮಂತಿಕೆಯ ಅರ್ಥಕ್ಕೆ ಹೇಗೆ ಬಂತು ಅನ್ನೋದು ಸಾಬೀತಾಗಿಲ್ಲ, ಊಹೆ ಅಷ್ಟೇ, ಅದನ್ನ ಊಹೆ ಅಂತಲೇ ಬರೀರಿ, ಓದುಗರು ಕೋಪ ಮಾಡ್ಕೊಳ್ಳಲ್ಲ.

ಹಡಗಿನ ಪ್ಯಾರಾ ಇರ್ಲಿ, ಜನ ನಂಬಿರೋ ಕಥೆ ಅಂತ ಹೇಳಿ ಇಡಿ. ‘ಪಾಶ್ ಏರಿಯಾ’ ಅಂತ ಬೆಂಗಳೂರಿನ ಮನೆ ಬಾಡಿಗೆ ಜಾಹೀರಾತುಗಳ ಬಗ್ಗೆ ಕೊನೇಲಿ ಬರೆದಿದ್ದೀರಲ್ಲ, ಅದನ್ನ ಮೊದಲಿಗೆ ತನ್ನಿ. ತಿದ್ದಿ ಮತ್ತೆ ಕಳಿಸಿ, ಬಂದ ತಕ್ಷಣ ಓದ್ತೀನಿ.