ಮೊದಲ ಕಾಲುಚೀಲಕ್ಕೆ ಯಾವ ನೂಲು, ಯಾವ ಕಡ್ಡಿ?

ಮೊದಲ ಸಲ ಕಾಲುಚೀಲ ಹೆಣೀತಿದ್ದೀನಿ, ಚಳ್ಳಕೆರೆ ಕಡೆಯ ಕುರಿ ಉಣ್ಣೆ ಆಗುತ್ತಾ, ಕಡ್ಡಿ ಯಾವುದು ಅಂತ ಕೇಳಿದ್ದೀರಿ. ನಾನೂ ಚಿತ್ರದುರ್ಗದವಳೇ. ಆ ಉಣ್ಣೆ ಮೇಲೆ ನನಗೂ ಪ್ರೀತಿ ಜಾಸ್ತಿ. ಆದರೆ ಅದು ಒರಟು, ಕಂಬಳಿಗೆ ಹೇಳಿ ಮಾಡಿಸಿದ್ದು. ಬರಿಗಾಲಿಗೆ ಚುಚ್ಚುತ್ತದೆ, ಬೇಡ.

ಕಾಲುಚೀಲಕ್ಕೆಂದೇ ಬರುವ ನೂಲಿನಲ್ಲಿ ಸಾಮಾನ್ಯವಾಗಿ 75 ಭಾಗ ಉಣ್ಣೆ, 25 ಭಾಗ ನೈಲಾನ್ ಇರುತ್ತದೆ. ಹಿಮ್ಮಡಿ ಬೇಗ ಸವೆಯದಿರಲು ಆ ನೈಲಾನ್ ಬೇಕೇ ಬೇಕು. ಆದರೆ ಅದರಲ್ಲಿ ತೀರಾ ಸಣ್ಣ ಎಳೆಯದು ತಗೊಂಡರೆ 2.25 ಮಿ.ಮೀ. ಕಡ್ಡಿಯಲ್ಲಿ 60ಕ್ಕೂ ಜಾಸ್ತಿ ಕುಣಿಕೆ ಹಾಕಬೇಕು. ಒಂದು ಕಾಲು ಮುಗಿಯುವಷ್ಟರಲ್ಲಿ ಬೇಸರ ಬಂದುಬಿಡುತ್ತದೆ. ಅದೇ ಮಿಶ್ರಣದಲ್ಲಿ ಸ್ವಲ್ಪ ದಪ್ಪದ ಡಿಕೆ (ಡಬಲ್ ನಿಟಿಂಗ್, ಅಂದರೆ ಮಧ್ಯಮ ದಪ್ಪದ) ನೂಲು ತಗೊಳ್ಳಿ. ತಿಳಿ ಬಣ್ಣವೇ ಇರಲಿ, ಕಪ್ಪಿನಲ್ಲಿ ಕುಣಿಕೆ ಕಾಣುವುದಿಲ್ಲ.

ಎರಡೂ ತುದಿ ಚೂಪಿರುವ ಐದು ಕಡ್ಡಿಯ ಸೆಟ್ ಸಾಕು, 3.25 ಮಿ.ಮೀ. ಬಿದಿರಿನದಾದರೆ ಕುಣಿಕೆ ಜಾರುವುದಿಲ್ಲ. ಬ್ರಿಟಿಷ್ ಅಳತೆಯಲ್ಲಿ ಅದು 10 ನಂಬರ್. ಅಮೆರಿಕದ 10 ನಂಬರ್ ತುಂಬಾ ದಪ್ಪ, ಆನ್‌ಲೈನ್‌ನಲ್ಲಿ ತರಿಸುವಾಗ ಮಿ.ಮೀ. ನೋಡಿ.

ಕಾಲುಚೀಲದ ಸುತ್ತಳತೆಯನ್ನು ಪಾದದ ಸುತ್ತಳತೆಗಿಂತ ಹತ್ತರಲ್ಲೊಂದು ಭಾಗ ಕಡಿಮೆ ಇಡಿ, ಆಗಲೇ ಬಿಗಿಯಾಗಿ ಕೂರುವುದು. ಇಂಚಿಗೆ 6 ಕುಣಿಕೆ ಬಂದರೆ, 9 ಇಂಚು ಸುತ್ತಳತೆಯ ಪಾದಕ್ಕೆ 48 ಹಾಕಿ.