ಲೋಲಕದ ಸೂತ್ರದಲ್ಲಿ ವರ್ಗ ಇದ್ದರೂ ಗೆರೆ ನೇರ ಬರುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಟಿ = 2ಪೈ√(ಎಲ್/ಜಿ) ಸೂತ್ರವನ್ನು ವೈ = ಎಂಎಕ್ಸ್ + ಸಿ ಎಂಬ ನೇರ ಗೆರೆಯ ರೂಪಕ್ಕೆ ತರಬೇಕು. (ಟಿ ಅಂದರೆ ಲೋಲಕದ ಗುಂಡು ಒಮ್ಮೆ ಹೋಗಿ ಬರಲು ಬೇಕಾದ ಸಮಯ, ಎಲ್ ಲೋಲಕದ ಉದ್ದ, ಜಿ ಗುರುತ್ವದ ವೇಗೋತ್ಕರ್ಷ.) ವರ್ಗ ಮಾಡಿದರೆ ಟಿ² ಬರುತ್ತದೆ. ವರ್ಗ ಇದ್ದಮೇಲೆ ಗೆರೆ ಬಾಗಬೇಕಲ್ಲ?

ವೈ ಅಂದರೆ ಟಿ ಆಗಿರಲೇಬೇಕು ಅಂದುಕೊಂಡಿದ್ದೀರಿ, ಅಲ್ವಾ? ತೊಡಕು ಅಲ್ಲೇ ಇರುವುದು. ವೈ, ಎಕ್ಸ್ ಎರಡೂ ಅಡುಗೆಮನೆಯ ಖಾಲಿ ಡಬ್ಬಗಳಿದ್ದ ಹಾಗೆ. ಟಿ ತುಂಬಿ, ಟಿ² ತುಂಬಿ, ಡಬ್ಬಕ್ಕೇನೂ ಬೇಜಾರಿಲ್ಲ. ಎರಡೂ ಕಡೆ ವರ್ಗ ಮಾಡಿ:

ಟಿ² = (4ಪೈ²/ಜಿ) × ಎಲ್

ವೈ ಜಾಗದಲ್ಲಿ ಟಿ², ಎಕ್ಸ್ ಜಾಗದಲ್ಲಿ ಎಲ್. ಕಂಸದಲ್ಲಿರುವುದು ಪೂರ್ತಿ ಎಂ, ಅಂದರೆ ಇಳಿಜಾರು. ಸಿ, ಅಂದರೆ ಗೆರೆ ವೈ ಅಕ್ಷವನ್ನು ಮುಟ್ಟುವ ಜಾಗ, ಸೊನ್ನೆ.

ಅಂಕಿ ಹಾಕಿ ನೋಡಿ. ಉದ್ದ 25 ಸೆಂ.ಮೀ. ಇದ್ದರೆ ಟಿ ಸುಮಾರು 1.00 ಸೆಕೆಂಡ್, 50ಕ್ಕೆ 1.42, 100ಕ್ಕೆ 2.01. ಉದ್ದ ನಾಲ್ಕು ಪಟ್ಟಾದರೂ ಟಿ ಎರಡೇ ಪಟ್ಟು, ಹಾಗಾಗಿ ವೈ ಜಾಗದಲ್ಲಿ ಬರೀ ಟಿ ಇಟ್ಟರೆ ಗೆರೆ ಬಾಗುತ್ತದೆ. ಅವುಗಳ ವರ್ಗ ಹೆಚ್ಚುಕಡಿಮೆ 1, 2, 4. ಉದ್ದದ ಜೊತೆಜೊತೆಗೇ ಏರುತ್ತದೆ. ಉದ್ದವನ್ನು ಮೀಟರ್‌ನಲ್ಲಿ ಹಾಕಿದರೆ ಇಳಿಜಾರು 4.03ರ ಹತ್ತಿರ ಬರಬೇಕು. 39.48 ಅನ್ನು (ಅದೇ 4ಪೈ²) ಅದರಿಂದ ಭಾಗಿಸಿದರೆ ಜಿ ಸಿಕ್ಕಿತು, 9.8.

ಒಂದೇ ಅಳತೆಯಿಂದಲೂ ಜಿ ಬರುತ್ತದಲ್ಲ, ಗ್ರಾಫ್ ಯಾಕೆ ಅಂತ ಅನ್ನಿಸಬಹುದು. ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯಬೇಕು. ನೀವು ಮರೆತು ದಾರವನ್ನಷ್ಟೇ ಅಳೆದಿರಿ ಅನ್ನಿ. ಗುಂಡಿನ ತ್ರಿಜ್ಯ 1 ಸೆಂ.ಮೀ. ಇದ್ದರೆ, 25 ಸೆಂ.ಮೀ. ದಾರದ ಒಂದೇ ಅಳತೆಯಿಂದ ಜಿ 9.4 ಬರುತ್ತದೆ! ಗ್ರಾಫ್‌ನಲ್ಲಿ ಹಾಗಾಗುವುದಿಲ್ಲ. ಎಲ್ಲ ಬಿಂದುಗಳೂ ಅಷ್ಟೇ ದೂರ ಪಕ್ಕಕ್ಕೆ ಸರಿಯುತ್ತವೆ, ಇಳಿಜಾರು ಹಾಗೇ ಉಳಿಯುತ್ತದೆ. ಗೆರೆ ಮೂಲಬಿಂದುವಿಗಿಂತ ಚೂರು ಮೇಲೆ, 0.04ರ ಬಳಿ, ವೈ ಅಕ್ಷವನ್ನು ಮುಟ್ಟುತ್ತದೆ. ಆದ್ದರಿಂದ ಸಿ ಸೊನ್ನೆ ಅಂತ ಸೂತ್ರದಲ್ಲಿದೆ ಎಂದು ಸುಮ್ನೆ ಸ್ಕೇಲ್ ಇಟ್ಟು ಗೆರೆಯನ್ನು ಮೂಲಬಿಂದುವಿಗೆ ಎಳೆದು ತರಬೇಡಿ.

ಆದರೆ ಗ್ರಾಫ್ ಎಲ್ಲ ತಪ್ಪನ್ನೂ ಹಿಡಿಯುವುದಿಲ್ಲ. ಪಿಯುಸಿ ಲ್ಯಾಬ್‌ನಲ್ಲಿ ನನ್ನ ಗೆರೆ ದಾರ ಹಿಡಿದಂತೆ ನೇರ, ಮೂಲಬಿಂದುವಿನ ಮೂಲಕವೇ ಹೋಗಿತ್ತು. ಜಿ ಮಾತ್ರ 10.9! ಲೆಕ್ಚರರ್ ಬೈಯಲಿಲ್ಲ, "ಜೋರಾಗಿ ಎಣಿಸು" ಅಂದರು. ಸ್ಟಾಪ್‌ವಾಚ್ ಒತ್ತುತ್ತಲೇ ನಾನು "ಒಂದು" ಅಂದೆ. ಇಪ್ಪತ್ತು ಅಂತ ಬರೆದದ್ದೆಲ್ಲ ನಿಜಕ್ಕೂ ಹತ್ತೊಂಬತ್ತು ಆಂದೋಲನ. ಪ್ರತಿ ಟಿಯೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗಿ, ಗೆರೆ ನೇರವಾಗೇ ಇದ್ದು ಇಳಿಜಾರು ಮಾತ್ರ ತಗ್ಗಿತ್ತು. ಒತ್ತುವಾಗ "ಸೊನ್ನೆ" ಅಂತ ಬಾಯಿಬಿಟ್ಟೇ ಹೇಳಿ.