ವೀಣೆಯ ಮೇಣ, ಮೆಟ್ಟಿಲು, ಚಿತ್ತಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಹಳೆಯ ಮೈಸೂರು ವೀಣೆ. ಬೇಸಿಗೆ ಬಂತೆಂದರೆ ನಾಲ್ಕೈದು ಮೆಟ್ಟಿಲುಗಳಲ್ಲಿ (ತಂತಿ ಒತ್ತಿ ಸ್ವರ ಹಿಡಿಯುವ ಲೋಹದ ಅಡ್ಡಪಟ್ಟಿಗಳಲ್ಲಿ) ತಂತಿ ಝರ್ರೆನ್ನುತ್ತದೆ. ಮೇಳ, ಅಂದರೆ ಮೆಟ್ಟಿಲುಗಳನ್ನು ಕೂರಿಸಿದ ಮೇಣದ ಕಟ್ಟು, ಪೂರ್ತಿ ತೆಗೆಸಿ ಹೊಸದಾಗಿ ಕಟ್ಟಿಸಬೇಕೆ?

ಉತ್ತರ: ಅಷ್ಟು ಅವಸರ ಬೇಡ. ಬೆರಳಿಟ್ಟ ಮೆಟ್ಟಿಲು ತಗ್ಗಿರಬಹುದು, ಇಲ್ಲವೇ ಕುದುರೆಯ (ಮೇಲಿನ ಹಲಗೆಯ ಮೇಲೆ ತಂತಿಗಳನ್ನು ಹೊರುವ ಆಸರೆಯ) ಕಡೆಗಿರುವ ಪಕ್ಕದ ಮೆಟ್ಟಿಲು ಎದ್ದಿರಬಹುದು. ತಂತಿ ಸಡಿಲಿಸಿ ಸರಿಸಿ, ಉಕ್ಕಿನ ಅಳತೆಪಟ್ಟಿಯನ್ನು ಮೂರು ಮೆಟ್ಟಿಲುಗಳ ಮೇಲೆ ಅಂಚಿನಿಂದ ನಿಲ್ಲಿಸಿ. ಪಟ್ಟಿ ತೂಗಾಡಿದರೆ ನಡುವಿನದು ಎತ್ತರ. ಅಡಿಯಲ್ಲಿ ಬೆಳಕು ಕಂಡರೆ ತಗ್ಗು.

24 ಮೆಟ್ಟಿಲುಗಳೂ ನಿಂತಿರುವುದು ಜೇನುಮೇಣ, ರಾಳ, ಕಪ್ಪು ಪುಡಿ ಬೆರೆಸಿದ ಮೇಣದಲ್ಲಿ. ಜೇನುಮೇಣ ಜಾಸ್ತಿಯಾದರೆ ಸೆಕೆಗೆ ಮೆತ್ತಗಾಗಿ, ಗಮಕಕ್ಕೆ (ಸ್ವರವನ್ನು ತೂಗಿಸುವುದಕ್ಕೆ) ತಂತಿ ಎಳೆದಾಗಲೆಲ್ಲ ಮೆಟ್ಟಿಲು ವಾಲುತ್ತದೆ. ರಾಳ ಜಾಸ್ತಿಯಾದರೆ ಚಳಿಯಲ್ಲಿ ಬಿರುಕು ಬಿಟ್ಟು ಮೆಟ್ಟಿಲೇ ಕಿತ್ತು ಬರುತ್ತದೆ. ನಿಮ್ಮದು ಮೊದಲನೆಯ ಬಗೆ. ಕಾಯಿಸಿದ ಕಬ್ಬಿಣದ ಸರಳನ್ನು ಲೋಹದ ಮೆಟ್ಟಿಲಿಗೆ ತಾಗಿಸಿ. ಮೇಣಕ್ಕೆ ನೇರ ಉರಿ ತೋರಿಸಲೇಬೇಡಿ. ಬುಡ ಸಡಿಲವಾದ ಕೂಡಲೇ ಎತ್ತರವಿದ್ದರೆ ಒತ್ತಿ, ತಗ್ಗಿದ್ದರೆ ಎತ್ತಿ ಮೇಣದ ಚೂರು ತುಂಬಿ. ಪೂರ್ತಿ ಆರಿದ ಮೇಲೆಯೇ ಶ್ರುತಿ ಮಾಡಿ ನೋಡಿ.

12ನೆಯ ಮೆಟ್ಟಿಲನ್ನು ಮಾತ್ರ ಲೆಕ್ಕದ ಮೇಲೆ ಕೂರಿಸಬೇಡಿ. ಅಲ್ಲಿ ನುಡಿಯುವ ಮೇಲಿನ ಷಡ್ಜ (ಮೇಲಿನ ಸ್ಥಾಯಿಯ ಸ) ಮೇರುವಿಗೂ (ತಂತಿಯ ಇನ್ನೊಂದು ತುದಿಯ ಆಸರೆಗೂ) ಕುದುರೆಗೂ ಸರಿಯಾಗಿ ನಡುವೆ ಇರಬೇಕು ಎನ್ನುತ್ತದೆ ಲೆಕ್ಕ. ಆದರೆ ಒತ್ತಿದಾಗ ತಂತಿ ಬಿಗಿದು ಸ್ವರ ಏರುತ್ತದೆ, ಹಾಗಾಗಿ ಮೆಟ್ಟಿಲು ಕೂದಲೆಳೆಯಷ್ಟು ಮೇರುವಿನ ಕಡೆಗಿರಬೇಕು. ಎಷ್ಟು ಎಂಬುದನ್ನು ಕಿವಿಯೇ ಹೇಳಬೇಕು. ಮೇಣದ ಉದ್ದಕ್ಕೂ ಬಿರುಕು ಓಡಿದ್ದರೆ ಆಗ ಹೊಸ ಮೇಳವೇ ಗತಿ.

ಪ್ರಶ್ನೆ: ಏಕಾಂಡ ವೀಣೆ ಎಂದು ಹೇಳಿ ಕೊಡುತ್ತಿದ್ದಾರೆ. ಗುರುತಿಸುವುದು ಹೇಗೆ?

ಉತ್ತರ: ಬೆನ್ನು ನೋಡಿ. ಏಕಾಂಡದಲ್ಲಿ ಕೊಡ (ದುಂಡನೆಯ ಟೊಳ್ಳು ಭಾಗ), ದಂಡಿ (ಉದ್ದನೆಯ ಕತ್ತು) ಒಂದೇ ದಿಮ್ಮಿಯವು. ಮರದ ಎಳೆ ಕೊಡದಿಂದ ದಂಡಿಗೆ ಕಡಿಯದೆ ಹರಿದಿರಬೇಕು. ಅವೆರಡೂ ಕೂಡುವ ಜಾಗದಲ್ಲೇ ಅಗಲವಾದ ಚಿತ್ತಾರದ ಪಟ್ಟಿ ಇದ್ದರೆ ಇನ್ನೊಮ್ಮೆ ನೋಡಿ. ಸಂದು ಮುಚ್ಚುವುದಕ್ಕೂ ಅಲಂಕಾರ ಬಳಕೆಯಾಗುತ್ತದೆ. ಮೇಲಿನ ಹಲಗೆ ಏಕಾಂಡದಲ್ಲೂ ಬೇರೆಯೇ, ಅದನ್ನು ಕಂಡು ಜಗಳ ತೆಗೆಯಬೇಡಿ.

ಪ್ರಶ್ನೆ: ಮರದೊಳಗೆ ಕೂರಿಸಿದ ಬಿಳಿ ಚಿತ್ತಾರದ ಅಂಚು ಏಳುತ್ತಿದೆ. ಸ್ಪಿರಿಟ್ಟಿನಲ್ಲಿ ಒರೆಸಿ ಅಂಟಿಸಬಹುದೆ?

ಉತ್ತರ: ಸ್ಪಿರಿಟ್ ಬೇಡವೇ ಬೇಡ, ಅರಗಿನ ಪಾಲಿಶ್ ಕರಗಿಹೋಗುತ್ತದೆ. ಮರ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ, ಒಳಗಿನ ಬಿಳಿ ತುಣುಕು ಅಷ್ಟು ಅಲುಗುವುದಿಲ್ಲ; ಅಂಚು ಏಳುವುದು ಅದಕ್ಕೇ. ಒಣ ಕುಂಚದಿಂದ ಧೂಳು ತೆಗೆದು, ಮರಗೆಲಸದ ಅಂಟನ್ನು ಸೂಜಿಮೊನೆಯಲ್ಲಿ ಒಳಗಿಳಿಸಿ, ಬಟ್ಟೆಯ ಮೇಲೆ ಭಾರವಿಟ್ಟು ಒಂದು ರಾತ್ರಿ ಬಿಡಿ. ಹಳೆಯ ವೀಣೆಗಳಲ್ಲಿ ಈ ಬಿಳಿ ತುಣುಕು ದಂತವೂ ಆಗಿರಬಹುದು, ಈಗಿನವುಗಳಲ್ಲಿ ಪ್ಲಾಸ್ಟಿಕ್ಕೇ ಹೆಚ್ಚು. ದಂತದ ವ್ಯಾಪಾರಕ್ಕೆ ಕಾನೂನಿನ ತಡೆಯಿದೆ, ಬಿದ್ದುಹೋದ ತುಣುಕಿಗೆ ಬದಲಿ ದಂತ ಹುಡುಕಲು ಹೋಗಬೇಡಿ.